ಮಾಳಪ್ಪ ಮುಟ್ಟದ ಭಂಡಾರ

ಸೀತನಿ ಸುಡುವ ವಾಸನೆ ಬಂದರೆ ನಾನು ಬಸ್ಸಿನ ಕಿಟಕಿ ಎಳೆದುಕೊಳ್ಳುತ್ತೇನೆ. ಹಾಲುಗಾಳಿನ ಜೋಳದ ತೆನೆಯನ್ನು ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ ಬಾಯಿಗೆ ಹಾಕಿಕೊಳ್ಳುವ ಈ ತಿನಿಸಿಗೆ ನಮ್ಮ ಕಡೆಯವರು ಪ್ರಾಣ ಬಿಡುತ್ತಾರೆ. ಸೊಲ್ಲಾಪುರ, ಪುಣೆಗಳಲ್ಲಿರುವ ನೆಂಟರು ಈ ಕೆಲವು ವಾರಗಳಿಗೆಂದೇ ರಜೆ ಉಳಿಸಿಕೊಂಡು ಬರುತ್ತಾರೆ. ನನಗೆ ಮಾತ್ರ ಅದು ಗಂಟಲಲ್ಲಿ ಇಳಿಯುವುದಿಲ್ಲ. ಮೊನ್ನೆ ಬಸವನ ಬಾಗೇವಾಡಿಯಿಂದ ಇಂಗಳೇಶ್ವರಕ್ಕೆ ಹೋಗುವಾಗ ರಸ್ತೆ ಪಕ್ಕದ ಹೊಲದಲ್ಲಿ ಯಾರೋ ತೆನೆ ಸುಡುತ್ತಿದ್ದರು. ನಾನು ಕಿಟಕಿ ಮುಚ್ಚಿದ್ದು ನೋಡಿ ಪಕ್ಕದಲ್ಲಿದ್ದ ಹಿರಿಯರು, “ಥಂಡಿ ಆತೇನ್ರಿ ವಕೀಲ್ರ?” ಎಂದು ಕೇಳಿದರು. “ಹೌದ್ರಿ” ಎಂದೆ. ಸುಳ್ಳು ಹೇಳಲು ನನಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ, ಅದೇ ಹೊಟ್ಟೆಪಾಡು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಈ ನಾಲ್ಕೂ ಕಡೆಯ ಕೋರ್ಟುಗಳಲ್ಲಿ ಜೀವಮಾನವೆಲ್ಲ ಕರಿ ಕೋಟು ಹಾಕಿಕೊಂಡು ನಿಂತಿದ್ದೇನೆ. ಗೆದ್ದಿದ್ದೇನೆ, ಸೋತಿದ್ದೇನೆ, ಬಹಳಷ್ಟನ್ನು ಮರೆತಿದ್ದೇನೆ. ನಾನು ಗೆದ್ದ ಮೊದಲ ಕೇಸನ್ನು ಮಾತ್ರ ಮರೆಯಲಾಗಿಲ್ಲ. ಆಗ ನಾನು ವಕೀಲನೂ ಆಗಿರಲಿಲ್ಲ, ಎಲ್‌ಎಲ್‌ಬಿ ಮೊದಲ ವರ್ಷದ ಹುಡುಗ. ಊರು ಯಾವುದು, ತಾಲೂಕು ಯಾವುದು ಎಂದು ಹೇಳುವುದಿಲ್ಲ. ಈ ನಾಲ್ಕರಲ್ಲಿ ಒಂದು ಎಂದುಕೊಂಡರೆ ಸಾಕು. ಮಾಡಿದ್ದು ನಾನು, ಊರಿನ ಹೆಸರು ಯಾಕೆ ಕೆಡಿಸಲಿ.

ಅದು ಎಪ್ಪತ್ತರ ದಶಕದ ನಡುವಿನ ಒಂದು ವರ್ಷ. ಜಿಲ್ಲಾ ಊರಿನಲ್ಲಿ ಕಾಯ್ದೆ ಕಾಲೇಜು ಮುಂಜಾನೆ ಏಳಕ್ಕೆ ಶುರುವಾಗಿ ಹತ್ತಕ್ಕೆ ಮುಗಿಯುತ್ತಿತ್ತು, ಯಾಕೆಂದರೆ ಅರ್ಧ ತರಗತಿ ಕಚೇರಿಯ ಕಾರಕೂನರು, ಸಾಲಿ ಮಾಸ್ತರರು. ಅವರು ಪಾಠ ಕೇಳುತ್ತಲೇ ಗಡಿಯಾರ ನೋಡುವರು. ಕರಾರು ಕಾಯ್ದೆ, ಅಪರಾಧ ಕಾಯ್ದೆ ಎಲ್ಲವೂ ಅವರಿಗೆ ರುಚಿಸುತ್ತಿತ್ತು, ಜುರಿಸ್‌ಪ್ರುಡೆನ್ಸ್ ಒಂದನ್ನು ಬಿಟ್ಟು. ಆ ಹೆಸರು ಬಾಯಿಗೆ ಬರಲಿಕ್ಕೇ ನಮಗೆ ಒಂದು ತಿಂಗಳು ಬೇಕಾಯಿತು. ಅದನ್ನು ಕಲಿಸುತ್ತಿದ್ದ ಕುಲಕರ್ಣಿ ಸರ್, ತೆಳ್ಳಗಿನ ಮನುಷ್ಯ, ಸದಾ ಒಂದೇ ಬೂದು ಕೋಟು, ಮೊದಲ ದಿನವೇ ಹೇಳಿದ್ದರು: “ಬ್ಯಾರೆ ಮಾಸ್ತರ್ರು ನಿಮಗ ಕಾಯ್ದೆ ಏನಂತೈತಿ ಅಂತ ಹೇಳ್ತಾರ. ನಾ ಕಾಯ್ದೆ ಅಂದ್ರ ಏನು ಅಂತ ಕೇಳಾಂವ. ಇದು ಕಾಯ್ದೆಯ ತತ್ವಜ್ಞಾನ. ಇದರಿಂದ ಒಂದ ಪೈಸಾನೂ ಹುಟ್ಟೂದಿಲ್ಲ.”

ನನಗೆ ಅದು ಹುಚ್ಚು ಹಿಡಿಸಿತು. ಕನ್ನಡದಲ್ಲಿ ಓದಿ ಬಂದವನು, ಒಂದು ಪುಟಕ್ಕೆ ಹತ್ತು ಸಲ ಡಿಕ್ಷನರಿ ತೆಗೆಯುವವನು. ಆದರೂ ಬಿಡಲಿಲ್ಲ. ಕಾಯ್ದೆ ಎಂದರೆ ದೊರೆಯ ಅಪ್ಪಣೆಯೋ, ಹಿಂದೆ ಬಡಿಗೆ ಇರುವುದರಿಂದಲೇ ಅದು ಕಾಯ್ದೆಯೋ? ಜನ ತಾವಾಗಿ ಒಪ್ಪಿ ನಡೆದುಕೊಂಡು ಬಂದ ರೂಢಿ ಕಾಯ್ದೆಯಾಗಬಹುದೇ? ಅನ್ಯಾಯದ ಕಾಯ್ದೆಯನ್ನು ಕಾಯ್ದೆ ಎನ್ನಬೇಕೇ? ಕೊನೆಯ ಪ್ರಶ್ನೆ ಕೇಳುವಾಗ ಕುಲಕರ್ಣಿ ಸರ್ ಬಾಗಿಲ ಕಡೆ ನೋಡಿ ದನಿ ಇಳಿಸಿದರು. ತುರ್ತು ಪರಿಸ್ಥಿತಿಯ ಕಾಲ, ಗೋಡೆಗೂ ಕಿವಿ ಇದ್ದವು. ನಾನು ಹಿಂದಿನ ಬೆಂಚಿನಲ್ಲಿ ಕೂತು, ನ್ಯಾಯವೆಂಬುದು ನನ್ನ ಅಂಗೈಯಲ್ಲೇ ಇದೆ ಎಂಬಂತೆ ಉಬ್ಬುತ್ತಿದ್ದೆ. ಇಪ್ಪತ್ತೊಂದು ವರ್ಷದ ಮೂರ್ಖನಿಗೆ ಉಬ್ಬಲು ಬೇರೆ ಏನು ಬೇಕು.

ಇನ್ನು ಮಾಳಪ್ಪನ ವಿಷಯ. ಊರ ಪಡುವಣಕ್ಕೆ ನಮ್ಮದು ಹನ್ನೆರಡು ಎಕರೆಯ ಒಂದೇ ಪಟ್ಟಿ ಎರೆ ಹೊಲ. ನಾನು ಹುಟ್ಟುವ ಮೊದಲಿನಿಂದ ಅದನ್ನು ಪಾಲಿಗೆ ಮಾಡುತ್ತಿದ್ದವನು ಮಾಳಪ್ಪ. ಬಿತ್ತುವುದು, ಹರಗುವುದು, ಕೊಯ್ಯುವುದು ಎಲ್ಲ ಅವನದು, ರಾಶಿಯಲ್ಲಿ ಅರ್ಧ ನಮ್ಮ ಮನೆಗೆ. ಕುರಿ ಕಾಯುವ ಮನೆತನ, ಜೊತೆಗೆ ಊರ ಹೊರಗಿನ ಬೀರದೇವರ ಗುಡಿಯ ಪೂಜಾರಿಕೆ. ಅಪ್ಪ ಆ ಹೊಲಕ್ಕೆ ಹೋಗುತ್ತಿದ್ದುದು ವರ್ಷಕ್ಕೆ ಎರಡು ಸಲ, ಎಳ್ಳು ಅಮಾವಾಸ್ಯೆಯ ಎಳ್ಳಮಾಸಿಗೊಮ್ಮೆ, ರಾಶಿಗೊಮ್ಮೆ. ನಾನು ಅವನನ್ನು ಕಾಕಾ ಎನ್ನುತ್ತಿದ್ದೆ. ನನಗೆ ನಡೆಯಲು ಬಂದದ್ದು ಅವನ ಬೆರಳು ಹಿಡಿದು ಎಂದು ಅವ್ವ ಹೇಳುತ್ತಿದ್ದಳು. ಅವ್ವನಿಗೆ ನನ್ನ ನಂತರ ಮಕ್ಕಳಾಗಲಿಲ್ಲ. ನನಗೆ ಜ್ವರ ಬಂದಾಗಲೆಲ್ಲ ಮಾಳಪ್ಪನೇ ಗುಡಿಯಿಂದ ಭಂಡಾರ, ಎಂದರೆ ದೇವರ ಅರಿಶಿನ ಪುಡಿ, ತಂದು ನನ್ನ ಹಣೆಗೆ ಹಚ್ಚುತ್ತಿದ್ದ.

ಕುಳ ಕಾಯ್ದೆ ಬಂದಿತ್ತು. ಉಳುವವನೇ ಹೊಲದೊಡೆಯ ಎಂದು ಗೋಡೆಗಳ ಮೇಲೆ ಬರೆದಿದ್ದರು. ಪಾಲಿಗೋ ಲಾವಣಿಗೋ, ಎಂದರೆ ಗೇಣಿಗೋ, ಬೇರೆಯವರ ಹೊಲ ಮಾಡುವವರು ಅರ್ಜಿ ಕೊಟ್ಟರೆ ಹೊಲ ಅವರದಾಗುತ್ತಿತ್ತು. ಮಾಳಪ್ಪ ತಾನಾಗಿ ಕೊಡುವವನಲ್ಲ. ಅವನ ಮಗ ಸಿದ್ದು, ನನ್ನ ವಾರಿಗೆಯವನು, ಏಳನೆಯ ಇಯತ್ತೆಯವರೆಗೆ ನನ್ನ ಪಕ್ಕವೇ ಕೂತವನು, ಹಿಂದಿನ ವರ್ಷ ತನ್ನ ಅಪ್ಪನ ಹೆಬ್ಬೆಟ್ಟು ಒತ್ತಿಸಿ ಅರ್ಜಿ ಹಾಕಿದ್ದ. ನಮ್ಮಪ್ಪನಿಗೆ ಗೊತ್ತಾದಾಗ ಬೈಯಲಿಲ್ಲ, ಕೂಗಾಡಲಿಲ್ಲ. “ಕೊಡ್ಲಿ ಬಿಡು, ಕಾಯ್ದೆ ಐತಿ” ಎಂದಷ್ಟೇ ಹೇಳಿ ಎಲೆ ಅಡಿಕೆಗೆ ಸುಣ್ಣ ಹಚ್ಚಿಕೊಂಡ. ಅಪ್ಪ ಸಿಟ್ಟಾದರೆ ಹೆದರಿಕೆಯಿರಲಿಲ್ಲ, ಸುಮ್ಮನಾದರೆ ಅವ್ವ ಕೂಡ ಅಡುಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ.

ದೀಪಾವಳಿಯಾದ ಮೇಲೆ ಕುಲಕರ್ಣಿ ಸರ್ ನಮಗೆಲ್ಲ ಒಂದು ಪ್ರಬಂಧ ಬರೆಯಲು ಹೇಳಿದರು. “ಪುಸ್ತಕದಾಗ ಇಂಗ್ಲೆಂಡಿನ ರೂಢಿ ಅದಾವ, ಅವು ನನಗ ಬ್ಯಾಡ. ನಿಮ್ಮೂರಾಗ ಕಾಗದದ ಮ್ಯಾಲ ಇರಬಾರದು, ಆದ್ರ ಯಾರೂ ಮೀರಬಾರದು, ಅಂಥಾದೊಂದು ರೂಢಿ ಹಿಡ್ಕೊಂಡು ಬರ್ರಿ. ಅದು ಕಾಯ್ದೆ ಹೌದೋ ಅಲ್ಲೋ ಬರೀರಿ. ಮಂದಿ ಅದನ್ನ ಯಾಕ ಮೀರೂದಿಲ್ಲ ಅನ್ನೂದನ್ನ ನೀವ ಊಹೆ ಮಾಡಬ್ಯಾಡ್ರಿ, ಅವ್ರ ಬಾಯಿಲೇ ಕೇಳ್ರಿ.” ತರಗತಿಯಲ್ಲಿ ಎಲ್ಲರೂ ಗೊಣಗಿದರು. ನಾನು ಮಾತ್ರ ಅವತ್ತೇ ವಿಷಯ ಆರಿಸಿಕೊಂಡುಬಿಟ್ಟೆ. ನಮ್ಮ ಕಡೆ ಎರಡು ಮನೆಗಳ ನಡುವೆ ಜಗಳವಾಗಿ ಬಗೆಹರಿಯದಿದ್ದರೆ ಬೀರದೇವರ ಗುಡಿಗೆ ಹೋಗುತ್ತಾರೆ. ತಾಟಿನಲ್ಲಿ ಭಂಡಾರ ಇಡುತ್ತಾರೆ. ಅದನ್ನು ಮುಟ್ಟಿ ಹೇಳಿದ ಮಾತು ಮಾತು, ಮುಂದೆ ಯಾರೂ ಎರಡನೆಯ ಮಾತು ಆಡುವುದಿಲ್ಲ. ಕೋರ್ಟು ಬೇಡ, ಪಂಚಾಯ್ತಿ ಬೇಡ. ಇದಕ್ಕಿಂತ ಒಳ್ಳೆಯ ವಿಷಯ ಎಲ್ಲಿ ಸಿಗಬೇಕು?

ಎಳ್ಳಮಾಸಿಗೆ ಊರಿಗೆ ಬಂದೆ. ಅವತ್ತು ಹೊಲಕ್ಕೆ ಹೋಗಿ, ಬೆಳೆಗೆ ಚರಗ, ಎಂದರೆ ಎಡೆಯ ತುತ್ತು, ಚೆಲ್ಲಿ, ಅಲ್ಲೇ ಊಟ ಮಾಡುವುದು ನಮ್ಮ ಸೀಮೆಯ ಪದ್ಧತಿ. ಪ್ರತಿ ವರ್ಷ ನಮ್ಮ ಮನೆ, ಮಾಳಪ್ಪನ ಮನೆ ಎರಡೂ ಒಂದೇ ಬನ್ನಿಗಿಡದ ಕೆಳಗೆ ಬುತ್ತಿ ಬಿಚ್ಚುತ್ತಿದ್ದವು. ಅರ್ಜಿ ಹಾಕಿದ ಮೇಲೆಯೂ ಅದು ನಿಂತಿರಲಿಲ್ಲ. ಅವ್ವ ಸಜ್ಜಿ ಕಡಬು, ಶೇಂಗಾ ಹೋಳಿಗಿ ಮಾಡಿ ತಂದಿದ್ದಳು, ಮಾಳಪ್ಪನ ಹೆಂಡತಿ ಲಕ್ಕವ್ವ ಪುಂಡಿಪಲ್ಯ. ಅಪ್ಪ ಮಾತ್ರ ತುಸು ದೂರ, ಬದುವಿನ ಮೇಲೆ ಬೆನ್ನು ತಿರುಗಿಸಿ ಕೂತಿದ್ದ. ಆ ವರ್ಷ ಬೇಗ ಬಿತ್ತಿದ್ದರಿಂದ ತೆನೆ ಹಾಲುಗಾಳಿಗೆ ಬಂದಿದ್ದವು. ಮಾಳಪ್ಪ ನಾಲ್ಕು ತೆನೆ ಮುರಿದು ತಂದು ನನಗಾಗಿ ಸೀತನಿ ಸುಡಲು ಕೂತ. ನಾನು ನೋಟ್‌ಬುಕ್ ಹಿಡಿದು ಅವನ ಮುಂದೆ ಕೂತೆ.

“ಏನ್ ಓದಾಕತ್ತೀ ತಮ್ಮಾ ಈಗ?”

“ಕಾಯ್ದೆ ಅಂದ್ರ ಏನು ಅನ್ನೂದು ಓದಾಕತ್ತೇನಿ ಕಾಕಾ.”

ಅವನು ತೆನೆ ಹೊರಳಿಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದ. “ಏನಂತ ಗೊತ್ತಿಲ್ದನ ಇಷ್ಟೆಲ್ಲಾ ಕಾಯ್ದೆ ಮಾಡಿ ಇಟ್ಟಾರೇನು?” ಎಂದು ನಕ್ಕ. ನಾನೂ ನಕ್ಕೆ.

ಭಂಡಾರದ ಬಗ್ಗೆ ಕೇಳಿದೆ. ಯಾರು ಮುಟ್ಟಬೇಕು, ಯಾರು ನೋಡಬೇಕು, ಯಾವ ವಾರ, ಏನು ಹೇಳಬೇಕು ಎಲ್ಲ ಹೇಳಿದ. ನಾನು ಬರೆದುಕೊಂಡೆ. ಕಡೆಗೆ ಕೇಳಿದೆ: “ನೀವು ಎಂದರ ಆಣಿ ಮಾಡೀರೇನು ಕಾಕಾ?”

“ಇಲ್ಲ. ನಮ್ಮ ಮನ್ಯಾಗ ಆಣಿ ಮಾಡಂಗಿಲ್ಲ.”

“ಸುಳ್ಳ ಆಣಿ ಯಾರೂ ಮಾಡಬಾರದು. ಖರೇದಕ್ಕೇನು?”

“ಖರೇದಕ್ಕೂ ಮಾಡಂಗಿಲ್ಲ. ಮಂದಿ ಮುಂದ ತಾಟ ಹಿಡೀತೇವಿ, ನಾವು ಮುಟ್ಟೂದಿಲ್ಲ. ಜೀವ ಹೋಗಲಿ ಬೇಕಾದ್ರ. ನಮ್ಮಪ್ಪನ ಅಪ್ಪ, ಮುತ್ಯಾ, ಹಾಕಿದ ಕಟ್ಟು ಅದು, ಮನಿ ಒಳಗಿನ ಮಾತು. ಊರಾಗ ಯಾರಿಗೂ ಗೊತ್ತಿಲ್ಲ, ಯಾರೂ ಕೇಳಿಲ್ಲ. ನೀ ಕೇಳಿದಿ ಅಂತ ಹೇಳಿದೆ.”

“ಯಾಕ?” ಎಂದೆ. ಅವನು ಹೇಳಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ಅವ್ವ ಊಟಕ್ಕೆ ಕೂಗಿದಳು, ನಾನು ನೋಟ್‌ಬುಕ್ ಮುಚ್ಚಿ ಎದ್ದೆ. ಇಡೀ ದಿನ ಅವನ ಜೊತೆಯೇ ಇದ್ದೆ, ಸಂಜೆ ಬಂಡಿಯಲ್ಲಿ ಅವನ ಪಕ್ಕವೇ ಕೂತು ಬಂದೆ. ಮತ್ತೆ ಕೇಳಲಿಲ್ಲ. ಯಾಕೆ ಕೇಳಬೇಕು? ಉತ್ತರ ನನಗೆ ಗೊತ್ತಿತ್ತು. ಹಿಂದುಳಿದ ಜನ ರೂಢಿಯನ್ನು ಮೀರದೆ ಇರುವುದು ದೈವಭಯದಿಂದ ಎಂದು ಪುಸ್ತಕದಲ್ಲಿ ಅರ್ಧ ಪುಟ ಇತ್ತು. ಆ ಭಯ ಇವರಲ್ಲಿ ಎಷ್ಟು ಬಲವಾಗಿದೆಯೆಂದರೆ ನಿಜ ಹೇಳುವುದಕ್ಕೂ ಭಂಡಾರ ಮುಟ್ಟುವುದಿಲ್ಲ ಎಂದು ನಾನು ಬರೆದೆ. ಬರೆದು, ಆ ಸಾಲಿನ ಕೆಳಗೆ ಗೆರೆ ಎಳೆದೆ.

ಪ್ರಬಂಧ ಸರ್‌ಗೆ ಬಹಳ ಹಿಡಿಸಿತು. ತರಗತಿಯಲ್ಲಿ ಅರ್ಧ ಓದಿಸಿದರು. ನಡುವೆ ತಡೆದು, “ಈ ಕಾರಣ ಆ ಮನಿಶಾನ ಬಾಯಿಲೇ ಕೇಳಿದಿಯೇನಪಾ?” ಎಂದರು. “ಹೌದ್ರಿ ಸರ್” ಎಂದೆ. ಅವರು ತಲೆಯಾಡಿಸಿ ಮುಂದಕ್ಕೆ ಓದಲು ಹೇಳಿದರು.

ಸಂಕ್ರಾಂತಿಗೆ ಮತ್ತೆ ಊರಿಗೆ ಬಂದಾಗ ಪ್ರಬಂಧವನ್ನು ಅಪ್ಪನಿಗೆ ಓದಿ ಹೇಳಿದೆ. ಇಂಗ್ಲಿಷಿನಲ್ಲಿ ಬರೆದದ್ದನ್ನು ಸಾಲು ಸಾಲಾಗಿ ಕನ್ನಡಕ್ಕೆ ಮಾಡಿ ಹೇಳಬೇಕಿತ್ತು. ಅಪ್ಪ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯವರೆಗೆ ಓದಿದವನು. ನನ್ನ ಓದಿನ ಬಗ್ಗೆ ಅವನು ಯಾವತ್ತೂ ಒಂದು ಮಾತು ಕೇಳಿದವನಲ್ಲ. ಅವತ್ತು ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ಕೇಳುತ್ತಿದ್ದ. ನಿದ್ದೆ ಬಂದಿದೆ ಎಂದುಕೊಂಡೆ. ಮಾಳಪ್ಪನ ಮನೆಯ ಕಟ್ಟಿನ ಸಾಲು ಬಂದಾಗ ಕಣ್ಣು ತೆರೆದ.

“ಅದನ್ನ ಇನ್ನೊಮ್ಮೆ ಓದು.”

“ಯಾವುದಪ್ಪಾ?”

“ಖರೇದಕ್ಕೂ ಮುಟ್ಟಂಗಿಲ್ಲ ಅಂದಿಯಲ್ಲ, ಅದು.”

ಓದಿದೆ. ಅಪ್ಪ ಇನ್ನೊಮ್ಮೆ ಓದಿಸಿದ. ನಂತರ ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು, “ಚಲೋ ಬರದಿ” ಎಂದ. ನನ್ನ ಬದುಕಿನಲ್ಲಿ ಅಪ್ಪ ನನ್ನನ್ನು ಹೊಗಳಿದ್ದು ಅದೊಂದೇ ಸಲ. ಕಣ್ಣಲ್ಲಿ ನೀರು ಬಂದಿತ್ತು ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಆದರೆ ಬಂದಿತ್ತು.

ಅರ್ಜಿಯ ವಿಚಾರಣೆಗೆ ಫೆಬ್ರುವರಿಯಲ್ಲಿ ನೋಟೀಸು ಬಂತು. ಅದಕ್ಕೆಂದೇ ಮಾಡಿದ ನ್ಯಾಯಮಂಡಳಿ, ಒಬ್ಬ ಸರಕಾರಿ ಅಧಿಕಾರಿ, ಜೊತೆಗೆ ನಾಲ್ಕು ಮಂದಿ ಸದಸ್ಯರು. ಅಲ್ಲಿ ವಕೀಲರು ಬರುವಂತಿರಲಿಲ್ಲ. ಒಡೆಯನ ಕಡೆ ವಕೀಲ ನಿಂತರೆ ಉಳುವ ಬಡವ ಬಾಯಿ ಬಿಡಲಾರ ಎಂದು ಕಾಯ್ದೆ ಮಾಡಿದವರೇ ಕಾಳಜಿಯಿಂದ ಬಾಗಿಲು ಮುಚ್ಚಿದ್ದರು. ಕಾಯ್ದೆ ಓದುವ ಮಗನನ್ನು ಕರೆತರಬಾರದು ಎಂದು ಅವರಿಗೆ ಹೊಳೆದಿರಲಿಲ್ಲ. ಅಪ್ಪ ಕಾಲೇಜಿಗೆ ರಜೆ ಹಾಕಿಸಿ ನನ್ನನ್ನು ಕರೆಸಿಕೊಂಡ. “ಸುಮ್ಮನ ಬಾಜೂಕ ಕುಂದ್ರು, ಧೈರ್ಯ ಇರತೈತಿ” ಎಂದ. ಅಪ್ಪನಿಗೆ ಯಾವ ಧೈರ್ಯ ಬೇಕಾಗಿದೆ ಎಂದು ನಾನು ಕೇಳಲಿಲ್ಲ.

ಮಾಳಪ್ಪ ಹೊಸದಾಗಿ ಒಗೆದ ರುಮಾಲು ಸುತ್ತಿಕೊಂಡು, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದಿದ್ದ. ನಮ್ಮನ್ನು ನೋಡಿದ ಕೂಡಲೇ ಅಭ್ಯಾಸದಂತೆ ಎದ್ದು ನಿಂತು, “ಬರ್ರಿ ಗೌಡ್ರ” ಎಂದ. ಸಿದ್ದು ಅವನ ಕೈ ಹಿಡಿದು ಜಗ್ಗಿ ಕೂರಿಸಿದ.

ಮೊದಲು ಕಾಗದ ನೋಡಿದರು. ಪಹಣಿಯಲ್ಲಿ ಸಾಗುವಳಿದಾರನ ಅಂಕಣದಲ್ಲಿ ಅಪ್ಪನದೇ ಹೆಸರು. ಊರ ಲೆಕ್ಕ ಬರೆಯುವ ತಲಾಠಿ ಚಾವಡಿಯಲ್ಲಿ ಕೂತು, ಒಡೆಯರು ಹೇಳಿದ್ದನ್ನು ಬರೆಯುತ್ತಿದ್ದ ಕಾಲ. ಖುದ್ದಾಗಿ ನಾನೇ ಸಾಗುವಳಿ ಮಾಡುತ್ತೇನೆ, ಮಾಳಪ್ಪ ಕೂಲಿಗೆ ಬರುತ್ತಾನೆ ಎಂದು ಅಪ್ಪ ಹೇಳಿದ. ಹೇಳುವಾಗ ದನಿ ಸ್ವಲ್ಪವೂ ನಡುಗಲಿಲ್ಲ. ಮಾಳಪ್ಪನ ಕಡೆ ಸಾಕ್ಷಿ ಹೇಳುತ್ತೇವೆಂದಿದ್ದ ಅಕ್ಕಪಕ್ಕದ ಹೊಲದವರಿಬ್ಬರು ಅವತ್ತೇ ದೇವರ ಹಿಪ್ಪರಗಿಯ ಸಂತೆಗೆ ಹೋಗಿದ್ದರು. ಸಿದ್ದು ಎದ್ದು ನಿಂತ. “ಸಾಹೇಬ್ರ, ಸಾಕ್ಷಿ ಬ್ಯಾಡ್ರಿ. ನೀವ ಹೊಲಕ್ಕ ಬರ್ರಿ. ಪೀಕು ನಿಂತೈತಿ. ಯಾವ ಬದು ಯಾವ ವರ್ಷ ಹಾಕಿದ್ದು, ಎಲ್ಲಿ ಕರಿಕಿ ಐತಿ, ಎಲ್ಲಿ ನೀರ ನಿಂದರತೈತಿ, ಗೌಡ್ರಿಗೆ ಒಂದ ಪ್ರಶ್ನಿ ಕೇಳ್ರಿ, ನಮ್ಮಪ್ಪಗ ಒಂದ ಕೇಳ್ರಿ. ನಿಮಗ ಗೊತ್ತಾಗತೈತಿ.”

ಅಧಿಕಾರಿ ಮೈಸೂರು ಕಡೆಯವರು, ಕೆಟ್ಟವರಲ್ಲ. ಆ ಮಾತು ಅವರಿಗೆ ತಾಕಿತು. ಡೈರಿ ತೆಗೆದು, ಸ್ಥಳ ನೋಡಲು ಯಾವ ದಿನ ಬರಬಹುದು ಎಂದು ಹಾಳೆ ತಿರುವತೊಡಗಿದರು. ಅವರು ಬಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹನ್ನೆರಡು ಎಕರೆಯಲ್ಲಿ ಅಪ್ಪನಿಗೆ ಬನ್ನಿಗಿಡದ ದಾರಿ ಬಿಟ್ಟು ಬೇರೇನೂ ಗೊತ್ತಿರಲಿಲ್ಲ.

ಆಗ ಅಪ್ಪ ಎದ್ದ. ಕೈ ಮುಗಿದ. “ಸಾಹೇಬ್ರ, ಬಿಸಲಾಗ ನಿಮಗ್ಯಾಕ ತ್ರಾಸು. ಈ ಮಾಳಪ್ಪ ನಮ್ಮೂರ ಬೀರದೇವರ ಪೂಜಾರಿ. ಅವ ಭಂಡಾರ ಮುಟ್ಟಿ, ‘ಈ ಹೊಲ ನಾ ಪಾಲಿಗೆ ಮಾಡೇನಿ’ ಅಂತ ಒಂದ ಮಾತ ಹೇಳ್ಲಿ. ಇಲ್ಲೇ ಸಹಿ ಮಾಡ್ತೇನಿ, ಹೊಲ ಅವಂದು. ನಂದೇನೂ ತಕರಾರಿಲ್ಲ.” ಹೇಳಿ, ಅಂಗಿಯ ಕಿಸೆಯಿಂದ ಒಂದು ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲೆ ಬಿಚ್ಚಿಟ್ಟ. ಹಳದಿ ಪುಡಿ ಸ್ವಲ್ಪ ಮೇಜಿನ ಹಸಿರು ಬಟ್ಟೆಯ ಮೇಲೆ ಚೆಲ್ಲಿತು.

ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಇದಕ್ಕಿಂತ ಧರ್ಮದ ಮಾತು ಇನ್ನ ಯಾವದೈತ್ರಿ” ಎಂದ ಒಬ್ಬ. ಅಧಿಕಾರಿ ಅನುಮಾನಿಸಿದರು. ನನ್ನ ಕಡೆ ತಿರುಗಿದರು.

“ನೀವು ಲಾ ಓದ್ತಿದ್ದೀರಂತೆ. ಹೀಗೆ ಮಾಡಬಹುದಾ? ನಿಮಗೇನಾದರೂ ಆಕ್ಷೇಪ ಇದೆಯಾ?”

ನನಗೆ ಗೊತ್ತಿತ್ತು. ಎದುರಾಳಿ ಇಂಥ ದೇವರ ಆಣೆ ಮಾಡಿದರೆ ಒಪ್ಪುತ್ತೇನೆ ಎಂದು ಪಕ್ಷಗಾರ ಸವಾಲು ಹಾಕುವ ಅವಕಾಶ ಹಳೆಯ ಕಾಯ್ದೆಯಲ್ಲಿ ಇತ್ತು, ಹೊಸದರಲ್ಲಿ ಅದನ್ನು ತೆಗೆದುಹಾಕಿದ್ದರು. ಕುಲಕರ್ಣಿ ಸರ್ ಇದನ್ನು ಪಾಠದಲ್ಲೇ ಹೇಳಿದ್ದರು. ಹಳೆಯದರಲ್ಲಿ ಕೂಡ, ಆಣೆ ಮಾಡದವನು ಸುಳ್ಳುಗಾರ ಎಂದೇನೂ ಇರಲಿಲ್ಲ. ಎರಡು ವಾಕ್ಯ ಹೇಳಿದ್ದರೆ ಸಾಕಿತ್ತು. ಅದಕ್ಕಿಂತ ಮುಖ್ಯವಾಗಿ, ಅಪ್ಪನ ಕಿಸೆಯಲ್ಲಿ ಆ ಪೊಟ್ಟಣ ಯಾಕಿತ್ತು ಎಂಬುದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಅಪ್ಪನಿಗೆ, ನನಗೆ, ಇಬ್ಬರಿಗೇ. ಅಪ್ಪ ನನ್ನ ಕಡೆ ನೋಡುತ್ತಿರಲಿಲ್ಲ. ಅವನ ಕೈ ಮಾತ್ರ ನನ್ನ ಹೆಗಲ ಮೇಲೆ ಬಂದು ಕೂತಿತು.

“ಇಲ್ಲ ಸರ್” ಎಂದೆ.

ಮಾಳಪ್ಪ ಪೊಟ್ಟಣ ನೋಡಿದ. ಅಪ್ಪನನ್ನು ನೋಡಲಿಲ್ಲ, ನನ್ನನ್ನು ನೋಡಿದ. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ನಾನು ಇಷ್ಟು ವರ್ಷ ಹೇಗೋ ತಡೆದುಕೊಳ್ಳುತ್ತಿದ್ದೆ. ಸಿಟ್ಟಿರಲಿಲ್ಲ. ಹೊಲದಲ್ಲಿ ಆಡಿದ ಮಾತು ಇಲ್ಲಿಯವರೆಗೆ ಹೇಗೆ ಬಂತು ಎಂದು ದಾರಿ ಹುಡುಕುತ್ತಿದ್ದವನ ನೋಟ. ದಾರಿ ಸಿಕ್ಕಿತು ಎಂದು ಕಾಣುತ್ತದೆ, ಕಣ್ಣು ಕೆಳಗಿಳಿಸಿದ.

“ಒಲ್ಲೆರಿ ಸಾಹೇಬ್ರ. ನಾ ಮುಟ್ಟೂದಿಲ್ಲ.”

“ಅಪ್ಪಾ!” ಸಿದ್ದು ಕಿರುಚಿದ. “ಖರೇನ ಐತಲ್ಲೋ! ಒಂದ ಮಾತ ಹೇಳೋ!” ಬಂದು ತನ್ನ ಅಪ್ಪನ ಕೈ ಹಿಡಿದು ಮೇಜಿನ ಕಡೆ ಎಳೆದ. ಮಾಳಪ್ಪ ಮುಷ್ಟಿ ಬಿಗಿ ಹಿಡಿದು ಕಂಬಳಿಯೊಳಗೆ ಸೇರಿಸಿಕೊಂಡ. ಸಿದ್ದು ನೆಲದ ಮೇಲೆ ಕುಸಿದು ಅವನ ಕಾಲು ಹಿಡಿದುಕೊಂಡ. ಬಾಗಿಲಲ್ಲಿದ್ದ ಪೊಲೀಸಿನವನು ಬಂದು ಎಬ್ಬಿಸಿದ.

“ನೋಡಪ್ಪ,” ಅಧಿಕಾರಿ ಮೆಲ್ಲಗೆ ಹೇಳಿದರು, “ನೀನು ಮುಟ್ಟದಿದ್ದರೆ ನಿನ್ನ ಅರ್ಜಿ ಸುಳ್ಳು ಅಂತ ಬರೆದುಕೊಳ್ಳಬೇಕಾಗುತ್ತೆ.”

“ಬರ್ಕೋರಿ” ಎಂದ ಮಾಳಪ್ಪ.

ಬರೆದುಕೊಂಡರು. ಸುತ್ತಲಿನ ಮಂದಿ, ಅಷ್ಟು ಹೊತ್ತು ಮರುಕದಿಂದ ನೋಡುತ್ತಿದ್ದವರು, ಈಗ ನಗತೊಡಗಿದರು. ಪೂಜಾರಿಯಾಗಿ ಸುಳ್ಳು ಅರ್ಜಿ ಕೊಟ್ಟವನು, ದೇವರಿಗೆ ಹೆದರಿ ಕೊನೆಗೆ ಬಾಯಿಬಿಟ್ಟ ಎಂದು ಸಂಜೆಯೊಳಗೆ ಊರೆಲ್ಲ ಮಾತಾಯಿತು. ಗುಡಿಯಲ್ಲಿ ಅವನ ಕೈಯಿಂದ ಭಂಡಾರ ಹಚ್ಚಿಸಿಕೊಳ್ಳಲು ಮಂದಿ ಹಿಂದೆ ಮುಂದೆ ನೋಡಿದರು. ಬಸ್ಸಿನಲ್ಲಿ ಅಪ್ಪ ನನಗೆ ಕಿಟಕಿಯ ಪಕ್ಕದ ಜಾಗ ಬಿಟ್ಟುಕೊಟ್ಟ. “ನಿನ್ನ ಓದು ಉಪಯೋಗಕ್ಕ ಬಂತು ನೋಡು” ಎಂದ.

ಸಿದ್ದು ವಾರದೊಳಗೆ ಊರು ಬಿಟ್ಟು ಆಲಮಟ್ಟಿಯ ಆಣೆಕಟ್ಟಿನ ಕೆಲಸಕ್ಕೆ ಹೋದ. ಹೋಗುವ ಮುಂಚೆ ನಮ್ಮ ಮನೆಯ ಮುಂದೆ ಹಾದು ಹೋದವನು ನನ್ನನ್ನು ಕಂಡು ನಿಂತ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿ ಎಂದೂ ಅನ್ನಿಸಿತು. ಅವನು ಚಪ್ಪಲಿಗೆ ಮೆತ್ತಿದ ಮಣ್ಣನ್ನು ನಮ್ಮ ಕಟ್ಟೆಯ ಅಂಚಿಗೆ ತಿಕ್ಕಿ ತೆಗೆದು ಹೋದ, ಅಷ್ಟೇ. ಅವನು ಮಣ್ಣು ಹೊತ್ತು ಕಟ್ಟಿದ ಆಣೆಕಟ್ಟಿನಿಂದ ಎಷ್ಟೋ ವರ್ಷದ ಮೇಲೆ ಕಾಲುವೆ ಬಂತು. ಆ ಹನ್ನೆರಡು ಎಕರೆಗೂ ನೀರು ಬಂತು. ಈಗ ಅಲ್ಲಿ ಕಬ್ಬು. ಪಹಣಿಯಲ್ಲಿ ನನ್ನ ಹೆಸರು. ಅಪ್ಪ ಎಂಬತ್ತಾರು ವರ್ಷ ಬದುಕಿ, ಹಲ್ಲು ಕಣ್ಣು ಎಲ್ಲ ಗಟ್ಟಿ ಇಟ್ಟುಕೊಂಡು, ಮಧ್ಯಾಹ್ನ ಊಟ ಮಾಡಿ ಮಲಗಿದವನು ಏಳಲಿಲ್ಲ. ಪುಣ್ಯವಂತರಿಗೆ ಮಾತ್ರ ಅಂಥ ಸಾವು ಎಂದು ಮಣ್ಣಿಗೆ ಬಂದವರೆಲ್ಲ ಹೇಳಿದರು. ಯಾವ ದೇವರೂ ಅವನ ತಂಟೆಗೆ ಬರಲಿಲ್ಲ.

ಆ ವರ್ಷದ್ದು ಇನ್ನೂ ಒಂದು ಮಾತು ಉಳಿದಿದೆ. ಪರೀಕ್ಷೆಗೆ ಓದಿಕೊಳ್ಳಲು ರಜೆ ಕೊಟ್ಟಾಗ, ಮಾರ್ಚಿನಲ್ಲಿ, ನಾನು ಊರಿಗೆ ಬಂದೆ. ಮಾಳಪ್ಪ ಬಿತ್ತಿದ್ದ ಜೋಳವನ್ನು ಮಾಳಪ್ಪನೇ ಕೊಯ್ದು ರಾಶಿ ಮಾಡುತ್ತಿದ್ದ, ಈಗ ದಿನಗೂಲಿಯ ಮೇಲೆ. ಅಪ್ಪ ಹಾಗೆ ತೀರ್ಮಾನ ಮಾಡಿದ್ದ, ಅವನು ಒಪ್ಪಿಕೊಂಡಿದ್ದ. ಬೇರೆ ಯಾರಾದರೂ ಆ ಪೀಕನ್ನು ಮುಟ್ಟುವುದು ಅವನಿಗೆ ಬೇಡವಾಗಿತ್ತು ಎಂದು ಕಾಣುತ್ತದೆ. ಎರಡು ದಿನ ತಪ್ಪಿಸಿಕೊಂಡು ತಿರುಗಿ, ಮೂರನೆಯ ದಿನ ಕಣಕ್ಕೆ ಹೋದೆ. ಅವನು ಎತ್ತರದ ಮೆಟ್ಟು ಮಣೆಯ ಮೇಲೆ ನಿಂತು ಗಾಳಿಗೆ ಜೋಳ ತೂರುತ್ತಿದ್ದ. ನನ್ನನ್ನು ನೋಡಿ ಇಳಿದು ಬಂದ. “ಬಾ ತಮ್ಮಾ, ನೆಳ್ಳಿಗೆ ಕುಂದ್ರು” ಎಂದ.

ತಪ್ಪಾಯಿತು ಎನ್ನಲು ಹೋದವನು ನಾನು. ಬಾಯಿಂದ ಬಂದದ್ದು ಬೇರೆ. “ಖರೇನ ಇತ್ತಲ್ಲ ಕಾಕಾ. ಮುಟ್ಟಿದ್ರ ಹೊಲ ನಿಮ್ಮದಾಗ್ತಿತ್ತು. ದೇವರಿಗೆ ಅಷ್ಟ ಅಂಜತೀರೇನು?” ಹೌದು ಎನ್ನಲಿ ಎಂದು ನಾನು ಕಾಯುತ್ತಿದ್ದೆ. ಹೌದು ಎಂದರೆ ತಪ್ಪು ಅವನ ಭಯದ್ದಾಗುತ್ತಿತ್ತು. ನಾನು ಬರೆದದ್ದೂ ಸರಿಯಾಗುತ್ತಿತ್ತು.

ಅವನು ರುಮಾಲು ಬಿಚ್ಚಿ ಮುಖದ ದೂಳು ಒರೆಸಿಕೊಂಡ. “ನನ್ನ ದೇವರಿಗೆ ನಾ ಯಾಕ ಅಂಜಲಿ? ಅವತ್ತ ಹೊಲ್ದಾಗ ನೀ ಕೇಳಿದಿ, ನಾ ಹೇಳೂದ್ರಾಗ ಎದ್ದಿ. ನಮ್ಮ ಮುತ್ಯಾ ಒಂದ ಸಲ ಆಣಿ ಮಾಡಿದ್ದ, ಬದುವಿನ ಸಲುವಾಗಿ, ಸ್ವಂತ ಅಣ್ಣನ ಮುಂದ. ಖರೇನ ಮಾಡಿದ್ದ. ಖರೆ ಆಣಿ ಮಾಡಿದಂವಗ ಏನೂ ಆಗೂದಿಲ್ಲ ತಮ್ಮಾ. ಅದರ ಪೆಟ್ಟು ಸುಳ್ಳ ಹೇಳಿದ ಎದುರಿನ ಮನಿಗೆ ಹೋಗತೈತಿ. ವರ್ಷದಾಗ ಅಣ್ಣನ ಮಕ್ಕಳು ಮೂರೂ ಹೋದುವು. ಮುತ್ಯಾ ಗೆದ್ದ ಹೊಲದಾಗ ಕಾಲ ಇಡ್ಲಿಲ್ಲ, ಸಾಯೂತನ ಆ ಮಕ್ಕಳ ಹೆಸರು ಹಿಡದ ಅತ್ತ. ಅದಕ್ಕ ನಮ್ಮ ಮನ್ಯಾಗ ಆಣಿ ಇಲ್ಲ.”

ಅವನು ರುಮಾಲನ್ನು ಮತ್ತೆ ತಲೆಗೆ ಸುತ್ತಿಕೊಂಡ.

“ನಿಮ್ಮಪ್ಪ ಸುಳ್ಳ ಹೇಳಿ ನಿಂತಿದ್ದ. ನಾ ಖರೇ ಅಂತ ಮುಟ್ಟಿದ್ನಂದ್ರ ಅದು ಯಾರ ಮನಿಗೆ ಬರ್ತಿತ್ತು? ಆ ಮನ್ಯಾಗ ನಿಮ್ಮಪ್ಪ ಒಬ್ಬನ ಅದಾನೇನು? ನಿಮ್ಮವ್ವಗ ನೀ ಒಬ್ಬನ ಮಗ. ಹೊಲ ದೊಡ್ಡದಲ್ಲ ಬಿಡು.”

ಗಾಳಿ ಬೀಳುವ ಮೊದಲು ತೂರಿ ಮುಗಿಸಬೇಕು ಎಂದು ಮೆಟ್ಟು ಹತ್ತಿದ. ನನಗೆ ಆಗ ಆ ದೇವರಲ್ಲಿ ನಂಬಿಕೆ ಇರಲಿಲ್ಲ, ಈಗಲೂ ಇಲ್ಲ. ಅವನಿಗೆ ಇತ್ತು. ಇದ್ದುದರಿಂದ ಹನ್ನೆರಡು ಎಕರೆ ಬಿಟ್ಟ, ಮಗನನ್ನು ಕಳೆದುಕೊಂಡ, ಸುಳ್ಳುಗಾರ ಎನ್ನಿಸಿಕೊಂಡ. ಅಲ್ಲಿ ನಿಂತುಕೊಳ್ಳಲು ನನ್ನಿಂದ ಆಗಲಿಲ್ಲ. ಹೇಳಬೇಕಾದ ಮಾತು ಹೇಳದೆಯೇ ಮನೆಗೆ ಬಂದೆ.

ಏಪ್ರಿಲಿನಲ್ಲಿ ಪರೀಕ್ಷೆ. ಜುರಿಸ್‌ಪ್ರುಡೆನ್ಸ್ ಪತ್ರಿಕೆಯ ಮೂರನೆಯ ಪ್ರಶ್ನೆ ರೂಢಿಯ ಬಗ್ಗೆ ಇತ್ತು. ಜನ ಅದನ್ನು ಯಾಕೆ ಪಾಲಿಸುತ್ತಾರೆ, ಉದಾಹರಣೆಯೊಡನೆ ಬರೆಯಿರಿ. ಆ ಪರೀಕ್ಷಾ ಕೋಣೆಯಲ್ಲಿ ಆ ಪ್ರಶ್ನೆಗೆ ನಿಜವಾದ ಉತ್ತರ ಗೊತ್ತಿದ್ದವನು ನಾನೊಬ್ಬನೇ ಇರಬೇಕು. ಅದನ್ನು ಬರೆಯಬೇಕಾದರೆ ಎದುರಿನ ಮನೆ ಯಾರದು ಎಂದೂ ಬರೆಯಬೇಕಾಗುತ್ತಿತ್ತು. ನಾನು ಪುಸ್ತಕದಲ್ಲಿದ್ದುದನ್ನು ಬರೆದೆ. ಹಿಂದುಳಿದ ಜನ, ದೈವಭಯ. ಭಂಡಾರದ ಉದಾಹರಣೆ ಕೊಟ್ಟೆ, ಕೆಳಗೆ ಗೆರೆ ಎಳೆದೆ. ಆ ವಿಷಯದಲ್ಲಿ ಆ ವರ್ಷ ಕಾಲೇಜಿಗೆ ನಾನೇ ಮೊದಲಿಗ.